ಆರನೇ ತರಗತಿಯ ಮಕ್ಕಳು ಎಲ್ಲಿಗೆ ಹೋದರು? ನಮ್ಮೂರ ಸರ್ಕಾರಿ ಶಾಲೆಯ ದಾಖಲಾತಿ ಮತ್ತು ಕಲಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಪುಟ್ಟ ಪಟ್ಟಣದ ಬಸ್ ನಿಲ್ದಾಣದ ಎದುರು ನನ್ನ ಜೆರಾಕ್ಸ್ ಅಂಗಡಿ ಇದೆ. ಮೂರು ವರ್ಷ ಇಲ್ಲಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯನಾಗಿದ್ದೆ. ನನ್ನ ಇಬ್ಬರು ಮಕ್ಕಳೂ ಅಲ್ಲೇ ಏಳನೇ ತರಗತಿವರೆಗೆ ಓದಿದರು. ನವೋದಯದ ಅರ್ಜಿ ತುಂಬಿಸಲು, ಟಿಸಿ ನಕಲು ತೆಗೆಸಲು, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಬರುವ ತಂದೆ ತಾಯಂದಿರು ಪ್ರಿಂಟ್ ಹೊರಬರುವಷ್ಟರಲ್ಲಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ನಿಂತ ನಿಲುವಿನಲ್ಲಿ ಪೂರ್ತಿ ಉತ್ತರ ಕೊಡಲು ಆಗುವುದಿಲ್ಲ. ಅದಕ್ಕಾಗಿ ಇಲ್ಲಿ ಬರೆದಿದ್ದೇನೆ.

ಐದನೇ ತರಗತಿಯಲ್ಲಿದ್ದಷ್ಟು ಮಕ್ಕಳು ಆರನೇ ತರಗತಿಯಲ್ಲಿ ಏಕೆ ಕಾಣುವುದಿಲ್ಲ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. "ಶಾಲೆ ಸರಿಯಿಲ್ಲ, ಅದಕ್ಕೇ ಮಕ್ಕಳು ಬಿಟ್ಟು ಹೋಗುತ್ತಿದ್ದಾರೆ" ಎಂಬ ಉತ್ತರವನ್ನು ಕೇಳುವವರೇ ಸೇರಿಸಿಕೊಂಡು ಬಂದಿರುತ್ತಾರೆ. ನಾನು ಆ ಮಾತನ್ನು ಒಪ್ಪುವುದಿಲ್ಲ.

ಆರನೇ ತರಗತಿ ಎಂದರೆ ಒಂದು ಕವಲುದಾರಿ. ಜವಾಹರ ನವೋದಯ ವಿದ್ಯಾಲಯಕ್ಕೆ ಪ್ರವೇಶ ಆರನೇ ತರಗತಿಗೆ. ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗೆ ಪ್ರವೇಶವೂ ಆರಕ್ಕೇ. ಆದರ್ಶ ವಿದ್ಯಾಲಯವೂ ಅಷ್ಟೆ. ಇವೆಲ್ಲವೂ ಸರ್ಕಾರದ ಶಾಲೆಗಳೇ, ಆಯ್ಕೆ ನಡೆಯುವುದು ಪ್ರವೇಶ ಪರೀಕ್ಷೆಯ ಮೂಲಕ. ನವೋದಯದಲ್ಲಂತೂ ಶೇ 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ ಮೀಸಲು. ಈಗ ಯೋಚಿಸಿ: ಐದನೇ ತರಗತಿಯಲ್ಲಿ 20 ಮಕ್ಕಳಿದ್ದಾರೆ ಎಂದುಕೊಳ್ಳಿ. ಚೆನ್ನಾಗಿ ಓದುವ ಇಬ್ಬರು ಮೊರಾರ್ಜಿಗೆ, ಒಬ್ಬಳು ನವೋದಯಕ್ಕೆ, ಇನ್ನಿಬ್ಬರು ಆದರ್ಶಕ್ಕೆ ಹೋದರೆ ಆರನೇ ತರಗತಿಯಲ್ಲಿ ಉಳಿಯುವವರು 15 ಮಂದಿ. ಆ ಐವರಿಗೆ ಓದು ಬರಹ ಕಲಿಸಿ ಪರೀಕ್ಷೆಗೆ ಸಿದ್ಧಪಡಿಸಿದ್ದು ಇದೇ ಶಾಲೆ. ಆದರೆ ಮುಂದಿನ ವರ್ಷದ ಪಟ್ಟಿ ನೋಡಿದವರಿಗೆ ಅದು ಸೋಲಿನಂತೆ ಕಾಣುತ್ತದೆ. ಮೇಷ್ಟ್ರುಗಳ ಬೆವರು ಬೇರೆ ಶಾಲೆಯ ಲೆಕ್ಕಕ್ಕೆ ಜಮೆಯಾಗುತ್ತದೆ.

ಹೋಗುವವರು ಇವರಷ್ಟೇ ಅಲ್ಲ. ಕೆಲವರು ಖಾಸಗಿ ಶಾಲೆಯ ವ್ಯಾನು ಹತ್ತುತ್ತಾರೆ. ಕೆಲವರ ತಂದೆ ತಾಯಿ ಕಟ್ಟಡ ಕೆಲಸ ಹುಡುಕಿಕೊಂಡು ಯಲಹಂಕದ ಕಡೆಗೋ ದೇವನಹಳ್ಳಿಯ ಕಡೆಗೋ ಹೋಗುತ್ತಾರೆ, ಮಕ್ಕಳೂ ಹಿಂದೆಯೇ ಹೋಗುತ್ತಾರೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ನಡೆಯುವ ಕರ್ನಾಟಕ ಪಬ್ಲಿಕ್ ಶಾಲೆಗೆ ಸೇರುವವರೂ ಇದ್ದಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ನಿಲ್ದಾಣದಲ್ಲಿ ಬೆಳಗಿನ ಬಸ್ಸಿಗೆ ಕಾಯುವ ಸಮವಸ್ತ್ರದ ಹುಡುಗಿಯರು ಹೆಚ್ಚಾಗಿದ್ದನ್ನು ನಾನು ಅಂಗಡಿಯಿಂದಲೇ ನೋಡಿದ್ದೇನೆ.

ಕೊನೆಗೆ ಒಂದೋ ಎರಡೋ ಹೆಸರು ಉಳಿಯುತ್ತವೆ. ಎಲ್ಲಿಗೂ ಹೋಗದ, ಯಾವ ಶಾಲೆಯಲ್ಲೂ ಇಲ್ಲದ ಮಕ್ಕಳು. ನಾವು ತಲೆಕೆಡಿಸಿಕೊಳ್ಳಬೇಕಾದದ್ದು ಅವರ ಬಗ್ಗೆ. ಒಟ್ಟು ಸಂಖ್ಯೆಯನ್ನಷ್ಟೇ ನೋಡಿದರೆ ನವೋದಯಕ್ಕೆ ಹೋದವಳೂ ಮನೆಯಲ್ಲಿ ಕುಳಿತವಳೂ ಒಂದೇ ಲೆಕ್ಕ.

ಹಾಗಾದರೆ ಸಂಖ್ಯೆ ಕಡಿಮೆಯಾದರೂ ಚಿಂತೆಯಿಲ್ಲ ಎನ್ನುತ್ತೀರಾ? ಮಕ್ಕಳು ಕಡಿಮೆಯಿದ್ದರೆ ಮೇಷ್ಟ್ರ ಗಮನ ಹೆಚ್ಚು ಸಿಗುತ್ತದಲ್ಲ?

ಹಾಗೆ ಅನ್ನಿಸುತ್ತದೆ, ಆದರೆ ಸರ್ಕಾರಿ ಶಾಲೆಯಲ್ಲಿ ಎಲ್ಲವೂ ತಲೆಲೆಕ್ಕದ ಮೇಲೆ ನಿಂತಿದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೇ ತರಗತಿಗೆ 35 ಮಕ್ಕಳಿಗೆ ಕನಿಷ್ಠ ಒಬ್ಬ ಶಿಕ್ಷಕರು. ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಪೂರ್ಣಾವಧಿ ಮುಖ್ಯ ಶಿಕ್ಷಕರು, ಜೊತೆಗೆ ಚಿತ್ರಕಲೆ, ದೈಹಿಕ ಶಿಕ್ಷಣದಂಥವಕ್ಕೆ ಅರೆಕಾಲಿಕ ಬೋಧಕರು. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನವೂ ಹಾಗೆಯೇ: 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, ಅಲ್ಲಿಂದ ನೂರರವರೆಗೆ 25,000, ನೂರು ದಾಟಿದರೆ 250ರವರೆಗೆ 50,000. ಅಂದರೆ ನೂರರ ಗಡಿಯಲ್ಲಿರುವ ಶಾಲೆಯಿಂದ ನಾಲ್ಕು ಮಕ್ಕಳು ಹೋದರೆ ಅನುದಾನ ಅರ್ಧಕ್ಕೆ ಇಳಿಯುತ್ತದೆ. ಕರೆಂಟು, ಸೀಮೆಸುಣ್ಣ, ನಲ್ಲಿ ರಿಪೇರಿಯ ಖರ್ಚು ಮಾತ್ರ ಅರ್ಧಕ್ಕೆ ಇಳಿಯುವುದಿಲ್ಲ.

ಮಕ್ಕಳು ಕಡಿಮೆಯಾದರೆ ಒಬ್ಬ ಶಿಕ್ಷಕರನ್ನು "ಹೆಚ್ಚುವರಿ" ಎಂದು ಗುರುತಿಸಿ ಬೇರೆ ಶಾಲೆಗೆ ಹೊಂದಾಣಿಕೆ ಮಾಡುತ್ತಾರೆ. ಹೋದವರು ಗಣಿತದ ಮೇಷ್ಟ್ರಾಗಿದ್ದರೆ ಕಥೆ ಮುಗಿಯಿತು. ಗಣಿತಕ್ಕೆ ಯಾರೂ ಇಲ್ಲವೆಂದು ಮುಂದಿನ ಜೂನ್‌ನಲ್ಲಿ ಇನ್ನೂ ಮೂವರು ಟಿಸಿ ಪಡೆಯುತ್ತಾರೆ. ಸಂಖ್ಯೆ ಮತ್ತೆ ಇಳಿಯುತ್ತದೆ. ಈ ಸುಳಿಗೆ ಸಿಕ್ಕಿದ ಶಾಲೆಯನ್ನು ಬರಿಯ ಬಣ್ಣ ಬಳಿದು, ದಾಖಲಾತಿ ಆಂದೋಲನದ ಜಾಥಾ ಮಾಡಿ ಎಬ್ಬಿಸಲು ಆಗುವುದಿಲ್ಲ.

ಶಿಕ್ಷಕರು ಎಷ್ಟು ಮಂದಿ ಇರಬೇಕು?

ಎಷ್ಟು ಮಂದಿ ಎನ್ನುವುದಕ್ಕಿಂತ ಯಾವ ವಿಷಯಕ್ಕೆ ಎನ್ನುವುದು ಮುಖ್ಯ. ಆರರಿಂದ ಮೇಲಿನ ತರಗತಿಗಳಿಗೆ ವಿಜ್ಞಾನ ಮತ್ತು ಗಣಿತಕ್ಕೆ, ಸಮಾಜ ವಿಜ್ಞಾನಕ್ಕೆ, ಭಾಷೆಗಳಿಗೆ ತಲಾ ಒಬ್ಬರಾದರೂ ಇರಬೇಕೆಂದು ಕಾಯ್ದೆ ಹೇಳುತ್ತದೆ. ಈ ತರಗತಿಗಳಿಗಾಗಿಯೇ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆ ಇದೆ. 2022ರಲ್ಲಿ 15,000 ಹುದ್ದೆಗಳಿಗೆ ಪರೀಕ್ಷೆಯೂ ನಡೆಯಿತು. ಖಾಲಿ ಉಳಿದ ಕಡೆ ಅತಿಥಿ ಶಿಕ್ಷಕರು ಪಾಠ ಮಾಡುತ್ತಾರೆ. ಅವರಲ್ಲಿ ಬಹಳ ಒಳ್ಳೆಯವರನ್ನು ಕಂಡಿದ್ದೇನೆ. ಆದರೆ ಅವರ ನೇಮಕ ವರ್ಷದ ಮಟ್ಟಿಗೆ ಮಾತ್ರ. ಬೇಸಿಗೆ ರಜೆಯ ನಂತರ ಅದೇ ಮುಖ ಬರುತ್ತದೆ ಎಂಬ ಭರವಸೆ ಮಕ್ಕಳಿಗೂ ಇಲ್ಲ, ಅವರಿಗೂ ಇಲ್ಲ.

ರಾಷ್ಟ್ರೀಯ ಸಮೀಕ್ಷೆಗಳಲ್ಲಿ ನಮ್ಮ ಶಾಲೆಯ ಅಂಕ ಎಷ್ಟು?

ಅಂಥ ಅಂಕ ಇರುವುದಿಲ್ಲ. 2021ರ ನವೆಂಬರ್ 12ರಂದು ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆಯಾಗಲಿ, 2024ರ ಡಿಸೆಂಬರ್ 4ರಂದು 3, 6 ಮತ್ತು 9ನೇ ತರಗತಿಗಳಿಗೆ ನಡೆದ ಪರಖ್ ಸಮೀಕ್ಷೆಯಾಗಲಿ ಕೆಲವು ಶಾಲೆಗಳನ್ನು ಆರಿಸಿ ಮಾಡಿದವು. ಅವುಗಳಿಂದ ಜಿಲ್ಲೆಯ ಸ್ಥಿತಿ ತಿಳಿಯಬಹುದೇ ಹೊರತು ನಿಮ್ಮ ಮಗುವಿನ ತರಗತಿಯದ್ದಲ್ಲ. ಪ್ರಥಮ್ ಸಂಸ್ಥೆಯ ಅಸರ್ ವರದಿ ಹಳ್ಳಿಗಳ ಮನೆಮನೆಗೆ ಹೋಗಿ ಮಾಡುವಂಥದ್ದು, ಅದು ಶಾಲೆಯ ವರದಿಯೇ ಅಲ್ಲ.

ಇನ್ನು ಶೇಕಡಾವಾರು ಲೆಕ್ಕ. ತರಗತಿಯಲ್ಲಿ 12 ಮಕ್ಕಳಿದ್ದರೆ ಒಂದು ಮಗು ಎಂದರೆ ಶೇ 8ಕ್ಕಿಂತ ಹೆಚ್ಚು. ಒಬ್ಬ ಹುಡುಗನಿಗೆ ಪರೀಕ್ಷೆಯ ದಿನ ಜ್ವರ ಬಂದರೂ ಶಾಲೆಯ ಫಲಿತಾಂಶ ಕುಸಿದಂತೆ ಕಾಣುತ್ತದೆ. ಸಣ್ಣ ಶಾಲೆಯನ್ನು ಶೇಕಡಾವಾರಿನಲ್ಲಿ ಅಳೆಯುವವರಿಗೆ ಮಕ್ಕಳ ಹೆಸರು ಹೇಳಿ ಎಂದು ಕೇಳುತ್ತೇನೆ.

ಹಾಗಾದರೆ ಮಗು ಕಲಿಯುತ್ತಿದೆಯೇ ಎಂದು ತಿಳಿಯುವುದು ಹೇಗೆ? ಅಂಕಪಟ್ಟಿಯಲ್ಲಿ ಬಿ ಪ್ಲಸ್ ಎಂದಿದೆ.

ಅಂಕಪಟ್ಟಿ ಬದಿಗಿಡಿ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಧ ಗಂಟೆ ಕೊಡಿ.

ಸದಸ್ಯನಾಗಿದ್ದಾಗ ಒಂದು ಮಧ್ಯಾಹ್ನ ಆರನೇ ತರಗತಿಯಲ್ಲಿ ಕೊನೆಯ ಸಾಲಿನ ಒಬ್ಬ ಹುಡುಗಿಯ ಪಕ್ಕ ಕುಳಿತಿದ್ದೆ. ಸಮಾಜ ವಿಜ್ಞಾನದ ಪುಸ್ತಕ ಕೊಟ್ಟು ಓದಲು ಹೇಳಿದೆ. "ಕೆರೆ", "ಬೆಳೆ", "ಮಳೆ" ಎಲ್ಲ ಸರಾಗವಾಗಿ ಬಂತು. "ಸ್ವಾತಂತ್ರ್ಯ" ಎಂಬ ಪದ ಬಂದಾಗ ಬೆರಳು ನಿಂತಿತು. ತುಟಿ ಅಲುಗಾಡುತ್ತಿದೆ, ಸದ್ದಿಲ್ಲ. ಆಮೇಲೆ ಆ ಪದವನ್ನು ಬೆರಳಿನಿಂದ ಮುಚ್ಚಿ ಮುಂದಿನ ಪದಕ್ಕೆ ಹಾರಿದಳು. ಒತ್ತಕ್ಷರ ಬಂದಲ್ಲೆಲ್ಲ ಹಾಗೆಯೇ. ಇಡೀ ವರ್ಷ ಅವಳು ಹೀಗೆ ಹಾರಿಕೊಂಡು ಓದುತ್ತಿದ್ದಳು. ಆರನೇ ತರಗತಿಯ ವಿಜ್ಞಾನ, ಸಮಾಜ ಪುಸ್ತಕಗಳ ತುಂಬ ಇರುವುದೇ ಒತ್ತಕ್ಷರದ ಪದಗಳು. ಅವಳಿಗೆ ಅರ್ಥವಾಗದಿದ್ದದ್ದು ಪಾಠವಲ್ಲ, ಆ ಪದಗಳು ಮಾತ್ರ.

ಲೆಕ್ಕಕ್ಕೆ 612ನ್ನು 6ರಿಂದ ಭಾಗಿಸಲು ಹೇಳಿ. ಉತ್ತರ 102. ಎಷ್ಟೋ ಮಕ್ಕಳು 12 ಎಂದು ಬರೆಯುತ್ತಾರೆ. ನಡುವಿನ ಒಂದರಲ್ಲಿ ಆರು ಹೋಗುವುದಿಲ್ಲ, ಅಲ್ಲಿ ಸೊನ್ನೆ ಹಾಕಬೇಕು ಎಂಬುದು ತಪ್ಪಿಹೋಗಿರುತ್ತದೆ. "612 ರೂಪಾಯಿಯನ್ನು ಆರು ಜನ ಹಂಚಿಕೊಂಡರೆ ಒಬ್ಬೊಬ್ಬರಿಗೆ ಬರೀ 12 ರೂಪಾಯಿಯೇ?" ಎಂದು ಕೇಳಿ ನೋಡಿ. ಮಗು ತಾನೇ ನಕ್ಕು ಅಳಿಸಿ ಮತ್ತೆ ಬರೆದರೆ ಗಾಬರಿ ಬೇಡ. ನಗದೇ ಸುಮ್ಮನೆ ನಿಮ್ಮ ಮುಖ ನೋಡಿದರೆ ಮರುದಿನವೇ ಮೇಷ್ಟ್ರನ್ನು ಭೇಟಿಯಾಗಿ. "ಹೇಗೆ ಓದುತ್ತಿದ್ದಾನೆ?" ಎಂದು ಕೇಳಬೇಡಿ, "ಪರವಾಗಿಲ್ಲ" ಎಂಬ ಉತ್ತರ ಸಿಗುತ್ತದೆ. "ಭಾಗಾಕಾರದಲ್ಲಿ ಸೊನ್ನೆ ಬಿಡುತ್ತಿದ್ದಾನೆ, ಸೇತುಬಂಧದಲ್ಲಿ ಇದನ್ನು ನೋಡಿದಿರಾ?" ಎಂದು ಕೇಳಿ. ಜೂನ್‌ನಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ಸರಿಪಡಿಸಲೆಂದೇ ಸೇತುಬಂಧ ಇರುವುದು.

ಕೋವಿಡ್ ಮುಗಿದು ಇಷ್ಟು ವರ್ಷವಾಯಿತು. ಇನ್ನೂ ಅದೇ ಕಾರಣ ಹೇಳುವುದು ಸರಿಯೇ?

ವರ್ಷ ಎಣಿಸಿ ನೋಡಿ. 2020–21ರಲ್ಲಿ ಒಂದನೇ ತರಗತಿಗೆ ದಾಖಲಾದ ಮಗು 2025–26ರಲ್ಲಿ ಆರನೇ ತರಗತಿಗೆ ಬಂತು. ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಂದರೆ ಆ ಮಗು ಮೊದಲ ಸಲ ತರಗತಿಯಲ್ಲಿ ಕುಳಿತಾಗ ಅದು ಎರಡನೇ ತರಗತಿ. ಪುಟ್ಟ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿ ಕಲಿಯ ಮೊದಲ ವರ್ಷವೇ ಅದಕ್ಕೆ ಸಿಗಲಿಲ್ಲ. ಇದು ನೆಪವಲ್ಲ, ನಿಜವಾಗಿ ತಪ್ಪಿಹೋದ ವರ್ಷ. ಆದರೆ ಕಾರಣ ಗೊತ್ತಿದೆ ಎಂದು ಸುಮ್ಮನಿರುವುದೂ ಸರಿಯಲ್ಲ. ಎಲ್ಲಿ ಕೊರತೆಯಿದೆ ಎಂದು ತಿಳಿದಿದ್ದರೆ ತುಂಬಿಸುವುದೂ ಸುಲಭವಾಗಬೇಕು.

ನಮ್ಮ ಮನೆಯಲ್ಲಿ ತೆಲುಗು ಮಾತನಾಡುತ್ತೇವೆ. ಅದರಿಂದ ಮಗು ಹಿಂದೆ ಬೀಳುತ್ತದೆಯೇ?

ಬಾಗೇಪಲ್ಲಿ, ಚಿಂತಾಮಣಿ, ಆಚೆ ಶ್ರೀನಿವಾಸಪುರ, ಮುಳಬಾಗಿಲು, ಪಾವಗಡ, ಈ ಗಡಿಯುದ್ದಕ್ಕೂ ಎಷ್ಟೋ ಮನೆಗಳಲ್ಲಿ ತೆಲುಗು, ಕೆಲವು ಕಡೆ ಉರ್ದು. ಮಗುವಿಗೆ ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಕನ್ನಡ, ಜೊತೆಗೊಂದು ಇಂಗ್ಲಿಷ್. ಇದು ಬುದ್ಧಿಯ ಕೊರತೆಯಲ್ಲ, ಹೆಚ್ಚಿನ ಕೆಲಸ. ಮನೆಯ ಮಾತನ್ನು ಬಿಡಿಸಬೇಡಿ. ಅದರ ಬದಲು ರಾತ್ರಿ ಒಂದು ಪುಟ ಕನ್ನಡ ಪಾಠವನ್ನು ಗಟ್ಟಿಯಾಗಿ ಓದಿಸಿ, ಓದಿದ್ದೇನು ಎಂದು ತೆಲುಗಿನಲ್ಲೇ ಹೇಳಿಸಿ. ತೆಲುಗಿನಲ್ಲಿ ಹೇಳಲು ಬಂದರೆ ಕನ್ನಡ ಅರ್ಥವಾಗಿದೆ ಎಂದೇ ಅರ್ಥ. ನನ್ನ ಹೆಂಡತಿ ನಮ್ಮ ಮಕ್ಕಳಿಗೆ ಮಾಡಿದ್ದು ಇದೊಂದೇ ಪಾಠ.

ಇಂಗ್ಲಿಷ್ ಮಾಧ್ಯಮವಿಲ್ಲ ಎಂದು ಆರನೇ ತರಗತಿಗೆ ಖಾಸಗಿ ಶಾಲೆಗೆ ಸೇರಿಸಬಹುದೇ?

ಸೇರಿಸುವುದು ನಿಮ್ಮ ಇಷ್ಟ. ಆದರೆ ಹೊತ್ತು ಮೀರಿದ ಮೇಲೆ ಮಾಧ್ಯಮ ಬದಲಿಸಿದರೆ ಏನಾಗುತ್ತದೆ ಎಂಬುದನ್ನು ನೋಡಿ ಹೇಳುತ್ತಿದ್ದೇನೆ: ಗಣಿತ ಬರುತ್ತಿದ್ದ ಹುಡುಗ ಪ್ರಶ್ನೆಯೇ ಅರ್ಥವಾಗದೆ ಗಣಿತ ಬಾರದವನಾಗುತ್ತಾನೆ. 2019–20ರಿಂದ ಕೆಲವು ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮ ವಿಭಾಗ ನಡೆಯುತ್ತಿದೆ. ನಿಮಗೆ ಇಂಗ್ಲಿಷ್ ಬೇಕೆಂದಿದ್ದರೆ ಅಲ್ಲಿಂದಲೇ ಶುರು ಮಾಡುವುದು ಮೇಲು. ಕನ್ನಡ ಮಾಧ್ಯಮದಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಅದನ್ನು ಚೆನ್ನಾಗಿ ಕಲಿಸಿ ಎಂದು ಪಟ್ಟು ಹಿಡಿಯುವವರು ನಮ್ಮಲ್ಲಿ ಕಡಿಮೆ.

ಮಗು ಆಗಾಗ ಶಾಲೆಗೆ ಹೋಗುವುದಿಲ್ಲ. ನಾಲ್ಕು ದಿನ ತಪ್ಪಿದರೆ ಏನಾಗುತ್ತದೆ?

ನಮ್ಮ ಸೀಮೆಯಲ್ಲಿ ಆ ನಾಲ್ಕು ದಿನ ಯಾವುದು ಎಂದು ಎಲ್ಲರಿಗೂ ಗೊತ್ತು. ರೇಷ್ಮೆ ಹುಳು ಹಣ್ಣಾದಾಗ ಮನೆಯ ಕೈಗಳೆಲ್ಲ ಬೇಕು. ಹಣ್ಣಾದ ಹುಳುಗಳನ್ನು ಆರಿಸಿ, ಅವು ಗೂಡು ಕಟ್ಟುವ ಚಂದ್ರಂಕಿಗೆ ಬಿಡುವ ಕೆಲಸ ನಾಳೆಗೆ ಕಾಯುವುದಿಲ್ಲ. ಹನ್ನೊಂದು, ಹನ್ನೆರಡು ವರ್ಷದ ಬೆರಳುಗಳು ಆ ಕೆಲಸಕ್ಕೆ ಚುರುಕು. ಬೆಳೆಯ ಕಷ್ಟ ಗೊತ್ತಿಲ್ಲದವನಂತೆ ನಾನು ಮಾತಾಡುವುದಿಲ್ಲ, ನಮ್ಮ ಮನೆಯಲ್ಲೂ ಹುಳು ಸಾಕಿದ್ದೇವೆ. ಆದರೆ ವರ್ಷಕ್ಕೆ ನಾಲ್ಕೈದು ಬೆಳೆ ತೆಗೆಯುವ ಮನೆಯಲ್ಲಿ ಪ್ರತಿ ಬೆಳೆಗೆ ನಾಲ್ಕು ದಿನವಾದರೆ ಹದಿನಾರು, ಇಪ್ಪತ್ತು ದಿನ ಹೋಯಿತು. ಆರರಿಂದ ಎಂಟನೇ ತರಗತಿಗೆ ಇರಬೇಕಾದ ಕೆಲಸದ ದಿನಗಳೇ 220. ದಶಮಾಂಶ ಶುರುವಾದದ್ದು ಆ ದಿನಗಳಲ್ಲೇ ಆಗಿದ್ದರೆ ಮಗು ವರ್ಷವಿಡೀ ತಡಕಾಡುತ್ತದೆ. ತಪ್ಪಿಸುವುದು ಅನಿವಾರ್ಯವೇ ಆದರೆ ಮೊದಲೇ ಮೇಷ್ಟ್ರಿಗೆ ತಿಳಿಸಿ, ಆ ದಿನಗಳ ಪಾಠವನ್ನು ಗೆಳತಿಯ ಪುಸ್ತಕದಿಂದ ಬರೆಸಿ.

ಹೆಣ್ಣುಮಕ್ಕಳು ಏಳನೇ ತರಗತಿಗೆ ಬಂದಾಗ ಗೈರುಹಾಜರಿ ಏಕೆ ಹೆಚ್ಚುತ್ತದೆ?

ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕವಿದೆಯೇ, ಒಳಗೆ ನೀರು ಬರುತ್ತದೆಯೇ ನೋಡಿ. ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ ಇರಲೇಬೇಕೆಂದು ಕಾಯ್ದೆಯಲ್ಲಿದೆ. ಚಿಲಕದ ಬಗ್ಗೆ ಕಾಯ್ದೆ ಹೇಳುವುದಿಲ್ಲ, ನಾವು ಹೇಳಬೇಕು. ನಾನು ಸಮಿತಿಯಲ್ಲಿದ್ದಾಗ ಕಾಂಪೌಂಡಿಗೆ ಬಣ್ಣ ಬಳಿಯುವ ಚರ್ಚೆ ಒಂದು ಗಂಟೆ ನಡೆಯಿತು. ಚಿಲಕದ ಮಾತೆತ್ತಿದ್ದು ಒಬ್ಬರೇ ಒಬ್ಬ ತಾಯಿ, ಅದೂ ಸಭೆ ಮುಗಿದು ಎಲ್ಲರೂ ಎದ್ದ ಮೇಲೆ. ಅಷ್ಟು ಹೊತ್ತು ನಮಗೆ ಹೊಳೆಯಲಿಲ್ಲವಲ್ಲ ಎಂದು ಇಂದಿಗೂ ನೋವಾಗುತ್ತದೆ.

ಬಿಸಿಯೂಟ ಹೇಗಿರುತ್ತದೆ?

ಆರರಿಂದ ಎಂಟನೇ ತರಗತಿಯ ಮಗುವಿಗೆ ದಿನಕ್ಕೆ 150 ಗ್ರಾಂ ಧಾನ್ಯ, 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್ ಸಿಗಬೇಕೆಂಬುದು ಅಳತೆ. ಹಾಲು 2013ರ ಆಗಸ್ಟ್‌ನಿಂದ ಇದೆ, ಈಗ ಮೊಟ್ಟೆ ಅಥವಾ ಬಾಳೆಹಣ್ಣೂ ಇದೆ. ಒಂದು ದಿನ ಮಕ್ಕಳ ಜೊತೆ ಪಂಕ್ತಿಯಲ್ಲಿ ಕುಳಿತು ಉಂಡು ನೋಡಿ.

ನಮ್ಮ ಶಾಲೆಯಲ್ಲಿ ಎಂಟನೇ ತರಗತಿ ಏಕಿಲ್ಲ?

ಕರ್ನಾಟಕದಲ್ಲಿ ಪ್ರೌಢಶಾಲೆ ಎಂಟರಿಂದ ಹತ್ತು. ಹಿರಿಯ ಪ್ರಾಥಮಿಕ ಶಾಲೆಗಳು ಬಹಳ ಕಡೆ ಏಳಕ್ಕೆ ಮುಗಿಯುತ್ತವೆ, ಕೆಲವು ಕಡೆ ಎಂಟನ್ನೂ ಸೇರಿಸಿದ್ದಾರೆ. ಏಳರಿಂದ ಎಂಟಕ್ಕೆ ದಾಟುವಾಗ ಮತ್ತೊಮ್ಮೆ ಟಿಸಿ, ಮತ್ತೊಂದು ಶಾಲೆ. ಮಕ್ಕಳು ಕಣ್ಮರೆಯಾಗುವ ಎರಡನೇ ಜಾಗ ಇದು.

ಇಲ್ಲೇ ಓದಿದವರಿಗೆ ವಿದ್ಯಾರ್ಥಿವೇತನ ಇದೆಯೇ?

ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಇದೆ, ಅದರ ಬಗ್ಗೆ ತಿಳಿದವರು ತೀರ ಕಡಿಮೆ. ಸರ್ಕಾರಿ ಅಥವಾ ಅನುದಾನಿತ ಶಾಲೆಯ ಎಂಟನೇ ತರಗತಿಯ ಮಕ್ಕಳಿಗೆ ಪರೀಕ್ಷೆ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರಿರಬಾರದು. ಏಳನೇ ತರಗತಿಯಲ್ಲಿ ಶೇ 55 ಅಂಕ ಇರಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 50. ಆದ್ದರಿಂದ ತಯಾರಿ ಏಳನೇ ತರಗತಿಯಿಂದಲೇ ಶುರುವಾಗಬೇಕು. ನವೋದಯ ಮತ್ತು ಸರ್ಕಾರಿ ವಸತಿ ಶಾಲೆಗಳಲ್ಲಿ ಓದುವವರಿಗೆ ಇದು ಸಿಗುವುದಿಲ್ಲ. ಊರಿನಲ್ಲೇ ಉಳಿದು ಓದುವ ಮಕ್ಕಳ ಪಾಲಿನದು.

ಎಸ್‌ಡಿಎಂಸಿ ಏನು ಮಾಡಬಹುದು?

ಕಾಯ್ದೆಯ ಪ್ರಕಾರ ಸಮಿತಿಯ ನಾಲ್ಕರಲ್ಲಿ ಮೂರು ಭಾಗ ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕು. ಸ್ವಾತಂತ್ರ್ಯೋತ್ಸವಕ್ಕೆ ಸಿಹಿ ಹಂಚುವುದಷ್ಟೇ ಅದರ ಕೆಲಸವಲ್ಲ. ಏಪ್ರಿಲ್‌ನಲ್ಲಿ ಐದನೇ ತರಗತಿಯ ಹಾಜರಿ ಪುಸ್ತಕದಿಂದ ಎಲ್ಲ ಹೆಸರನ್ನೂ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಜುಲೈ ಹೊತ್ತಿಗೆ ಪ್ರತಿ ಹೆಸರಿನ ಮುಂದೆ ಈಗ ಯಾವ ಶಾಲೆ ಎಂದು ಬರೆಯಿರಿ. ಖಾಲಿ ಉಳಿದ ಹೆಸರಿನ ಮನೆಗೆ ಹೋಗಿ. ದೇಶದ ಎಲ್ಲ ಶಾಲೆಗಳ ಮಾಹಿತಿ ಸೇರಿಸುವ ಯುಡೈಸ್ ಲೆಕ್ಕಕ್ಕೆ ಸೆಪ್ಟೆಂಬರ್ 30 ಆಧಾರ ದಿನ. ಅದಕ್ಕೆ ಮುಂಚೆ ಆ ಮಗು ಮರಳಿ ಬಂದರೆ ಶಾಲೆಗೂ ಲಾಭ. ವಿಷಯ ಶಿಕ್ಷಕರ ಕೊರತೆಯಿದ್ದರೆ ಸಭೆಯಲ್ಲಿ ನಿರ್ಣಯ ಬರೆಸಿ ಸಹಿ ಹಾಕಿಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡಿ, ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಮನವಿಗೆ ಕಡತವಿಲ್ಲ.

ಖಾಸಗಿ ಶಾಲೆಯಿಂದ ಮರಳಿ ಬರಬೇಕೆಂದಿದ್ದೇವೆ. ಶುಲ್ಕ ಬಾಕಿಯೆಂದು ಟಿಸಿ ಕೊಡುತ್ತಿಲ್ಲ.

ಟಿಸಿ ತಡವಾಯಿತು ಎಂಬ ಕಾರಣಕ್ಕೆ ಸರ್ಕಾರಿ ಶಾಲೆ ದಾಖಲಾತಿ ನಿರಾಕರಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಮಗು ಮೊದಲು ತರಗತಿಯಲ್ಲಿ ಕೂರಲಿ. ರಾಜ್ಯದ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಎಸ್‌ಎಟಿಎಸ್‌ನ ಸಂಖ್ಯೆಯನ್ನು ವರ್ಗಾಯಿಸುವ ಕೆಲಸಕ್ಕೆ ಮುಖ್ಯ ಶಿಕ್ಷಕರ ಮೂಲಕ ಬಿಇಒ ಕಚೇರಿಗೆ ಬರೆದುಕೊಡಿ.

ಕೊನೆಗೆ ಹೇಳಿ, ನನ್ನ ಮಗಳನ್ನು ಆರನೇ ತರಗತಿಗೆ ಇಲ್ಲೇ ಬಿಡಲೇ?

ಈ ಪ್ರಶ್ನೆಗೆ ಎಷ್ಟೋ ಜನ ಹೊಸೂರಿನ ಶಿಕ್ಷಣತಜ್ಞ ಎಚ್. ನರಸಿಂಹಯ್ಯ, ಮುದ್ದೇನಹಳ್ಳಿಯ ಎಂಜಿನಿಯರ್ ವಿಶ್ವೇಶ್ವರಯ್ಯ ಅವರ ಹೆಸರು ಹೇಳಿ ಒಪ್ಪಿಸುತ್ತಾರೆ. ಅವರು ನಮ್ಮ ಜಿಲ್ಲೆಯ ಹೆಮ್ಮೆ. ಆದರೆ ಈ ವರ್ಷ ನಿಮ್ಮ ಮಗಳಿಗೆ ಗಣಿತ ಹೇಳಿಕೊಡುವವರು ಯಾರು ಎಂಬುದಕ್ಕೆ ಅದು ಉತ್ತರವಲ್ಲ.

ಜೂನ್‌ನ ಎರಡನೇ ವಾರ ಒಂದು ದಿನ ಬಿಡುವು ಮಾಡಿಕೊಂಡು ಶಾಲೆಗೆ ಹೋಗಿ. ಗಣಿತ, ವಿಜ್ಞಾನಕ್ಕೆ ಶಿಕ್ಷಕರಿದ್ದಾರೆಯೇ ಕೇಳಿ. ತರಗತಿಯ ಹಿಂದೆ ಕುಳಿತು ಒಂದು ಪೀರಿಯಡ್ ನೋಡಿ. ಕೊನೆಯ ಸಾಲಿನ ಮಗುವಿನ ಹೆಸರು ಹಿಡಿದು ಮೇಷ್ಟ್ರು ಪ್ರಶ್ನೆ ಕೇಳುತ್ತಾರೆಯೇ ಗಮನಿಸಿ. ಕೇಳುತ್ತಿದ್ದರೆ ಮಗಳನ್ನು ಅಲ್ಲೇ ಬಿಡಿ. ನಾನೂ ಅದನ್ನೇ ನೋಡಿ ನನ್ನ ಮಕ್ಕಳನ್ನು ಬಿಟ್ಟಿದ್ದೆ. ಶಿಕ್ಷಕರೇ ಇಲ್ಲದಿದ್ದರೆ ಟಿಸಿಗೆ ಅರ್ಜಿ ಬರೆಯುವ ಮುನ್ನ ನಮ್ಮ ಅಂಗಡಿಗೆ ಬನ್ನಿ. ಬಿಇಒ ಕಚೇರಿಗೆ ಕೊಡುವ ಮನವಿಯನ್ನು ಟೈಪ್ ಮಾಡಿಕೊಡುತ್ತೇನೆ, ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.